ಊಟದ ಮೇಜಿನ ಮೇಲೆ ಸಿಕ್ಕ ಲ್ಯುಕೇಮಿಯಾದ ಸುಳಿವು

ಪ್ರಶ್ನೆ: ನನಗೆ 38 ವರ್ಷ. ಎಂಡಿ ಪೆಥಾಲಜಿ ಆಗಿದೆ. ಮಕ್ಕಳಾದ ಮೇಲೆ ಏಳು ವರ್ಷ ಕೆಲಸ ಬಿಟ್ಟಿದ್ದೆ. ಈಗ ಊರಿನ ಲ್ಯಾಬೊಂದರಲ್ಲಿ ಅರ್ಧ ದಿನ ಸ್ಲೈಡ್ ನೋಡುತ್ತೇನೆ. ಹೋದ ವರ್ಷ ಒಬ್ಬ ರೋಗಿಯ ಬಿಳಿ ರಕ್ತಕಣಗಳು ಎರಡು ಲಕ್ಷ ದಾಟಿದ್ದವು. ಸಿಎಂಎಲ್ (ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರಿನ ಒಂದು ಬಗೆ) ಇರಬಹುದು ಎಂದು ಬರೆದೆ. ಮುಂದಿನ ಪರೀಕ್ಷೆಯಲ್ಲಿ 'ಫಿಲಡೆಲ್ಫಿಯಾ ಪಾಸಿಟಿವ್' ಎಂದೇ ಬಂತು, ಅಂದರೆ ನನ್ನ ಊಹೆ ಸರಿಯಿತ್ತು. ಅಂದಿನಿಂದ ರಕ್ತದ ಕ್ಯಾನ್ಸರ್ ಸಂಶೋಧನೆಯ ಹುಚ್ಚು. ಮನೆಯವರು 'ಈ ವಯಸ್ಸಲ್ಲಾ?' ಅನ್ನುತ್ತಾರೆ. ನಿಜವಾಗಿಯೂ ತಡವಾಯಿತೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ರೋಗಿಯ ರಿಪೋರ್ಟಿನಲ್ಲಿದ್ದ ಆ ಫಿಲಡೆಲ್ಫಿಯಾದ ಗುಟ್ಟು ಬಿಡಿಸಿದವರೇ ನಿಮ್ಮ ಪ್ರಶ್ನೆಗೆ ಉತ್ತರ. ಷಿಕಾಗೋದ ವೈದ್ಯೆ, ಸಂಶೋಧಕಿ ಜಾನೆಟ್ ರೌಲಿ. ಆಗ ಅವರಿಗೆ 47.

ಅವರು ಹುಟ್ಟಿದ್ದು 1925ರಲ್ಲಿ. ವೈದ್ಯಕೀಯ ಓದಲು ಅರ್ಜಿ ಹಾಕಿದಾಗ 65 ಸೀಟಿನಲ್ಲಿ ಹುಡುಗಿಯರಿಗೆ ಇದ್ದದ್ದು ಮೂರು. ಅವು ತುಂಬಿದ್ದವು, ಒಂಬತ್ತು ತಿಂಗಳು ಕಾಯಬೇಕಾಯಿತು. 1948ರಲ್ಲಿ ಡಾಕ್ಟರ್ ಆದರು, ಮರುದಿನವೇ ಮದುವೆ. ನಾಲ್ಕು ಗಂಡು ಮಕ್ಕಳು. ಬಹಳ ವರ್ಷ ವಾರಕ್ಕೆ ಮೂರು ದಿನವಷ್ಟೇ ಕೆಲಸ, ಅದೂ ಡೌನ್ ಸಿಂಡ್ರೋಮ್ ಮಕ್ಕಳ ಕ್ಲಿನಿಕ್ಕಿನಲ್ಲಿ. ಆ ತೊಂದರೆಗೆ ಕಾರಣ ಹೆಚ್ಚುವರಿ ಕ್ರೋಮೋಸೋಮು (ಜೀವಕೋಶದೊಳಗೆ ಜೀನುಗಳನ್ನು ಹೊತ್ತ ಎಳೆ) ಎಂದು 1959ರಲ್ಲಿ ಗೊತ್ತಾಯಿತಲ್ಲ, ಅಲ್ಲಿಂದ ಇವರಿಗೂ ಹುಚ್ಚು ಹತ್ತಿತು. ಗಂಡನ ಜೊತೆ ಆಕ್ಸ್‌ಫರ್ಡ್‌ಗೆ ಹೋದಾಗ ಸುಮ್ನೆ ಕೂರಲಿಲ್ಲ, ಕ್ರೋಮೋಸೋಮ್ ನೋಡುವುದನ್ನು ಕಲಿತು ಬಂದರು.

ಇನ್ನು ಸಿಎಂಎಲ್ ವಿಷಯ. ಈ ರೋಗಿಗಳ ರಕ್ತಕಣದಲ್ಲಿ ಒಂದು ಕ್ರೋಮೋಸೋಮ್ ಮೊಂಡಾಗಿರುತ್ತದೆ ಎಂದು 1960ರಲ್ಲೇ ಫಿಲಡೆಲ್ಫಿಯಾ ನಗರದ ಸಂಶೋಧಕರಾದ ನೋವೆಲ್ ಮತ್ತು ಹಂಗರ್‌ಫರ್ಡ್ ತೋರಿಸಿದ್ದರು. ಊರಿನ ಹೆಸರೇ ಆ ಮೊಂಡು ಕ್ರೋಮೋಸೋಮಿಗೂ ಬಂತು. ಒಂದು ತುಂಡು ಕಳೆದುಹೋಗಿದೆ ಎಂದೇ ಎಲ್ಲರೂ ನಂಬಿದ್ದರು. 1970ರ ಸುಮಾರಿಗೆ ಕ್ರೋಮೋಸೋಮಿಗೆ ಬಣ್ಣ ಹಾಕಿ ಪಟ್ಟೆ ಪಟ್ಟೆಯಾಗಿ ಕಾಣಿಸುವ ಬ್ಯಾಂಡಿಂಗ್ ವಿಧಾನ ಬಂತು. ರೌಲಿ ಮತ್ತೆ ಆಕ್ಸ್‌ಫರ್ಡ್‌ಗೆ ಹೋದಾಗ ಅದನ್ನೂ ಕಲಿತರು. ಆಮೇಲೆ ಫೋಟೋಗಳನ್ನು ಮನೆಗೆ ತಂದು, ಒಂದೊಂದೇ ಕ್ರೋಮೋಸೋಮನ್ನು ಕತ್ತರಿಸಿ ಊಟದ ಮೇಜಿನ ಮೇಲೆ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಾಳೆ ಎಂದು ಮಕ್ಕಳಿಗೆ ನಗು! (ಈಗಿನ ಲ್ಯಾಬುಗಳಲ್ಲಿ ಕತ್ತರಿ ಇಲ್ಲ. ಕಂಪ್ಯೂಟರಿನಲ್ಲಿ ಎಳೆದು ಜೋಡಿಸುತ್ತಾರೆ. ಕಣ್ಣು ಮಾತ್ರ ಅದೇ ಬೇಕು.)

1972ರಲ್ಲಿ ಅವರಿಗೆ ಕಂಡದ್ದು ಇಷ್ಟು. 22ನೆಯ ಕ್ರೋಮೋಸೋಮ್ ಎಷ್ಟು ಮೊಂಡಾಗಿದೆಯೋ, ಹೆಚ್ಚುಕಡಿಮೆ ಅಷ್ಟೇ 9ನೆಯದು ಉದ್ದವಾಗಿದೆ. ಅಂದರೆ ತುಂಡು ಕಳೆದಿಲ್ಲ, ಜಾಗ ಬದಲಿಸಿದೆ. ಇನ್ನೊಂದು ಬಗೆಯ ಲ್ಯುಕೇಮಿಯಾದಲ್ಲಿ 8 ಮತ್ತು 21ರ ನಡುವೆಯೂ ಇಂಥದೇ ಅದಲುಬದಲು ಕಂಡಿತ್ತು. ಆದರೂ ಬೇಗ ಯಾರೂ ಒಪ್ಪಲಿಲ್ಲ. ಕ್ರೋಮೋಸೋಮಿನ ಏರುಪೇರು ಕ್ಯಾನ್ಸರಿನ ಫಲ, ಕಾರಣವಲ್ಲ ಅನ್ನುವುದು ಆಗಿನ ನಂಬಿಕೆ. 1980ರ ದಶಕದಲ್ಲಿ, ಆ ಅದಲುಬದಲಿನಿಂದ ಎರಡು ಜೀನುಗಳು ಬೆಸೆದು ಬಿಸಿಆರ್-ಎಬಿಎಲ್ ಆಗುವುದು ಗೊತ್ತಾಯಿತು. ಅದರಿಂದ ಹುಟ್ಟುವ ಪ್ರೋಟೀನು ಆಫ್ ಆಗದ ಸ್ವಿಚ್ಚಿನ ಹಾಗೆ. ಅದನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ನಿಮ್ಮ ರೋಗಿಯೂ ಬಹುಶಃ ಅದನ್ನೋ ಅದರ ತಮ್ಮಂದಿರನ್ನೋ ನುಂಗುತ್ತಿರಬೇಕು, ಅಲ್ವಾ?

ಇದನ್ನು ಬರೀ ಛಲದ ಕತೆ ಮಾಡಿ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮೊದಲ ಸಲ ಆಕ್ಸ್‌ಫರ್ಡ್‌ನಿಂದ ಬಂದಾಗ ರೌಲಿ ಷಿಕಾಗೋ ವಿಶ್ವವಿದ್ಯಾಲಯದ ಲಿಯಾನ್ ಜೇಕಬ್‌ಸನ್ ಅವರ ಬಳಿ ಹೋಗಿ ನೇರವಾಗಿ ಕೇಳಿದರು: ಅರ್ಧ ಹೊತ್ತಿನ ಕೆಲಸ, ಒಂದು ಮೈಕ್ರೋಸ್ಕೋಪು, ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವಷ್ಟು ಸಂಬಳ. ಅವರು ಕೊಟ್ಟರು. ಅಷ್ಟು ಸಿಗದಿದ್ದರೆ ಛಲ ಕಟ್ಟಿಕೊಂಡು ಏನು ಮಾಡೋದು?

ಹಾಗಾಗಿ ವಯಸ್ಸಿನ ಚಿಂತೆ ಬಿಡಿ, ಏನೇನು ಬೇಕು ಎಂದು ಪಟ್ಟಿ ಮಾಡಿ. ಡಿಎಂ (ಎಂಡಿ ನಂತರದ ಉನ್ನತ ಪದವಿ) ಸೀಟಿನ ಹಿಂದೆ ಈಗಲೇ ಓಡಬೇಡಿ. ಸೈಟೋಜೆನೆಟಿಕ್ಸ್ (ಕ್ರೋಮೋಸೋಮ್ ಪರೀಕ್ಷೆ) ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಕೂತು ಕಲಿಯಲು ಆಗುತ್ತದೆಯೇ ಕೇಳಿ. ಕೆಲಸ ಬಿಟ್ಟು ಮರಳುವ ಮಹಿಳೆಯರಿಗೆಂದೇ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಯೋಜನೆಗಳಿವೆ, ಅವನ್ನೂ ನೋಡಿ. ಸಂಬಳ ಕೇಳಲು ನಾಚಬೇಡಿ. ಮತ್ತೆ, ಆ ಎರಡು ಲಕ್ಷದ ಸ್ಲೈಡ್ ಎಸೆದಿಲ್ಲ ತಾನೇ? ಕೇಳಲು ಹೋಗುವಾಗ ಅದನ್ನೂ ಕೈಯಲ್ಲಿ ಹಿಡಿದು ಹೋಗಿ.