ಎರಡನೇ ಔಷಧಿ ಆಯ್ತಾ ಅಂತ ಕೇಳು

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ತೀರ್ಥಹಳ್ಳಿ ಬಿಟ್ಟು ಟೊರಾಂಟೊಗೆ ಬಂದು ಐದು ತಿಂಗಳಾಯ್ತು, ಕೆಲಸ ಪರವಾಗಿಲ್ಲ, ದಿನಾ ಅಮ್ಮನಿಗೆ ವಿಡಿಯೋ ಕಾಲ್ ಮಾಡ್ತೀಯ, ಆದರೆ ಫೋನ್ ಇಟ್ಟ ಮೇಲೆ ಏನೂ ಮಾತಾಡಿದ ಹಾಗೇ ಇರಲ್ಲ ಅಂತ ಬರೆದಿದ್ದೀಯ. "ನಾನು ಪುಣ್ಯವಂತ ಅಂತ ಗೊತ್ತು ಅಣ್ಣಾ, ಆದರೂ ಬೇಜಾರು. ನೀವು ಇಷ್ಟು ವರ್ಷ ಹೇಗೆ ಕಳೆದ್ರಿ? ಬಂದಿದ್ದೇ ತಪ್ಪಾ?" ತಪ್ಪೋ ಸರಿಯೋ ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಐದು ತಿಂಗಳಿಗೆ ಅದು ತಿಳಿಯೋದೂ ಇಲ್ಲ. ಹೇಗೆ ಕಳೆದೆ ಅನ್ನೋದನ್ನ ಬೇಕಾದರೆ ಹೇಳ್ತೀನಿ.

ನಾನು ಬಂದಿದ್ದು 2006ರಲ್ಲಿ. ಐದು ಡಾಲರಿನ ಕಾರ್ಡ್ ತಂದು, ನಂಬರಿನ ಮೇಲಿನ ಬೂದುಬಣ್ಣ ಉಗುರಲ್ಲಿ ಕೆರೆದು ಫೋನ್ ಮಾಡೋ ಕಾಲ. "ಊಟ ಆಯ್ತಾ, ಮಳೆ ಹೇಗಿದೆ, ಎಲ್ಲ ಆರಾಮಾ" ಅನ್ನೋಷ್ಟರಲ್ಲಿ ಇನ್ನೊಂದೇ ನಿಮಿಷ ಉಳಿದಿದೆ ಅಂತ ಒಬ್ಬಳು ಮಧ್ಯೆ ಬಾಯಿ ಹಾಕ್ತಿದ್ದಳು. ನಮ್ಮ ಮನೆ ತುಮರಿ ಕಡೆ, ಶರಾವತಿ ಹಿನ್ನೀರಿನಾಚೆ. ಗಾಳಿಗೆ ಒಂದು ಮರ ಬಿದ್ದರೆ ಹದಿನೈದು ದಿನ ಲೈನ್ ಇಲ್ಲ. ಈಗ ಕಾಲ್‌ಗೆ ದುಡ್ಡಿಲ್ಲ, ಮುಖವೂ ಕಾಣುತ್ತೆ. ಆದರೂ ನಾನು ಎಷ್ಟೋ ವರ್ಷ ಆ ಮೂರೇ ಪ್ರಶ್ನೆ ಕೇಳ್ತಾ ಇದ್ದೆ. ನೀನೂ ಅದನ್ನೇ ಮಾಡ್ತಿದ್ದೀಯ ಅಂತ ನನ್ನ ಗುಮಾನಿ.

ನಮ್ಮ ಅಪ್ಪಯ್ಯ ಫೋನಲ್ಲಿ ಎರಡು ಮಾತಿನ ಮನುಷ್ಯ. "ಹ್ಞಾಂ, ಆರಾಮ. ಅಮ್ಮಂಗೆ ಕೊಡ್ತೀನಿ ತಡಿ." ಮುಗೀತು. ಒಂದು ವರ್ಷ ಪುನರ್ವಸು ಮಳೆ ಹಿಡಿದಾಗ, ಹೇಳೋಕೆ ಬೇರೇನೂ ಇಲ್ಲದೆ, "ಎರಡನೇ ಔಷಧಿ ಆಯ್ತಾ?" ಅಂದುಬಿಟ್ಟೆ. ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆಗಾಲದಲ್ಲಿ ಹೊಡೆಯೋ ಔಷಧಿ. ಇಪ್ಪತ್ತೈದು ನಿಮಿಷ ಮಾತಾಡಿದರು ಮಾರಾಯ! ಮಳೆ ಹೊಳವಾಗ್ತಿಲ್ಲ, ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ ಮುಂಗಡ ತಗೊಂಡು ಇನ್ನೊಬ್ಬರ ತೋಟ ಹತ್ತಿದ್ದಾನೆ, ಮೈಲುತುತ್ತದ ರೇಟು ಕೇಳೋ ಹಾಗಿಲ್ಲ, ಕೆಳಗಿನ ಸಾಲಲ್ಲಿ ಆಗಲೇ ಕೊಳೆ ಕಾಣಿಸಿದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ನನಗೆ ಗೊತ್ತಿರೋದನ್ನೇ ಮತ್ತೆ ಹೇಳಿದರು. ಆಮೇಲೆ ಕತ್ತಿಯನ್ನ ಡ್ರಮ್ಮಿನಲ್ಲಿ ಅದ್ದಿ ಫೋನಿನ ಮುಂದೆ ಹಿಡಿದರು. ತುದಿಯಿಂದ ನೀಲಿ ಹನಿ ತೊಟ್ಟಿಕ್ತಿತ್ತು. "ನೋಡು, ಕೆಂಪು ಹಿಡಿದಿಲ್ಲ. ಸುಣ್ಣ ಸರಿ ಕೂತಿದೆ." ತಾಮ್ರದ ಬಣ್ಣ ಕಚ್ಚಿದ್ರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ. ಚಿಕ್ಕವನಿದ್ದಾಗ ಆ ಕತ್ತಿ ಅದ್ದೋ ಕೆಲಸ ನನ್ನದಾಗಿತ್ತು. ಅವರಿಗೆ ಅದು ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಅವತ್ತಿಂದ "ಹೇಗಿದ್ದೀರಿ" ಅಂತ ಕೇಳೋದು ಬಿಟ್ಟೆ. ಸುಲಿದ ಅಡಿಕೆ ಒಣಗ್ತಾ, ಅಪ್ಪೆಮಿಡಿ ಯಾರು ತಂದುಕೊಟ್ರು, ಹಲಸಿನ ಹಪ್ಪಳ ಎಷ್ಟಾಯ್ತು, ಇಂಥದ್ದೇ ಕೇಳ್ತೀನಿ. ಆರೋಗ್ಯ, ಬೇಜಾರು ಎಲ್ಲ ಅದರ ಸಂದಿಯಿಂದ ತಾನಾಗಿ ಹೊರಗೆ ಬರುತ್ತೆ. ಹಪ್ಪಳ ಈ ವರ್ಷ ಮಾಡೇ ಇಲ್ಲ ಅಂದ್ರೆ ಅಮ್ಮನ ಮಂಡಿ ನೋವು ಜಾಸ್ತಿಯಾಗಿದೆ ಅಂತ ಅರ್ಥ.

ಹೊತ್ತು ಒಂದು ಗೊತ್ತು ಮಾಡಿಕೋ. ಇಲ್ಲಿ ಬೇಸಿಗೆಯಲ್ಲಿ ಊರಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದೆ ಹಾಕಿದರೆ ಹತ್ತೂವರೆ. (ಸರ್ಕಾರ ಹೇಳಿದ್ದಕ್ಕೆ ಊರಿಗೆ ಊರೇ ಗಡಿಯಾರ ತಿರುಗಿಸುತ್ತೆ ಅಂದ್ರೆ ಅಮ್ಮ ಇವತ್ತಿಗೂ ನಂಬಲ್ಲ.) ನನ್ನದು ಈಗ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಅಲ್ಲಿ ಬೆಳಿಗ್ಗೆ ಆರು, ಅಮ್ಮ ಬಚ್ಚಲೊಲೆಗೆ ಬೆಂಕಿ ಹಾಕೋ ಹೊತ್ತು. ಫೋನನ್ನ ಸೌದೆಗೆ ಒರಗಿಸಿ ಇಡ್ತಾರೆ. ನನಗೆ ಕಾಣೋದು ಹಂಡೆಯ ಮಸಿ, ಒಂದು ಮೊಣಕೈ, ಹೊಗೆ. ನಾನು ಇಲ್ಲಿ ಪಾತ್ರೆ ತೊಳೀತಿರ್ತೀನಿ. ಎಷ್ಟೋ ಸಲ ಹತ್ತು ನಿಮಿಷ ಇಬ್ಬರೂ ಮಾತೇ ಆಡಲ್ಲ.

ಈಗ ಸ್ವಲ್ಪ ಕಹಿ ವಿಷಯ. ಮನೆಯವರು ನಿನಗೆ ಸುಳ್ಳು ಹೇಳ್ತಾರೆ. ಎಲ್ಲರ ಮನೆಯವರೂ ಹೇಳ್ತಾರೆ. 2013ರ ಮಳೆಗಾಲದಲ್ಲಿ ಅಪ್ಪಯ್ಯ ಅಂಗಳದ ಪಾಚಿ ಮೇಲೆ ಜಾರಿ ಸೊಂಟ ಮುರ್ಕೊಂಡರು. ಸಂಜೆ ಹಿನ್ನೀರು ದಾಟಿಸೋ ಲಾಂಚು ನಿಂತ ಮೇಲೆ ಬಿದ್ದಿದ್ದು. ರಾತ್ರಿಯಿಡೀ ನರಳಿದರು. ಬೆಳಿಗ್ಗೆ ಮೊದಲ ಲಾಂಚಿಗೆ ದಾಟಿಸಿ ಸಾಗರಕ್ಕೆ ಕರಕೊಂಡು ಹೋಗಿದ್ದು ಪಕ್ಕದ ಮನೆ ಹುಡುಗ. ನನಗೆ ಗೊತ್ತಾಗಿದ್ದು ಒಂಬತ್ತು ದಿನ ಆದಮೇಲೆ. ಅದೂ ಚಿಕ್ಕಮ್ಮನ ಮಗ ಬಾಯಿ ತಪ್ಪಿ ಹೇಳಿದ್ದಕ್ಕೆ. ಕೂಗಾಡಿದೆ. ಅಮ್ಮ ತಣ್ಣಗೆ, "ಹೇಳಿದ್ರೆ ಏನು ಮಾಡ್ತಿದ್ದೆ?" ಅಂದರು. ಏನೂ ಇಲ್ಲ. ಆದರೂ ತಂಗಿ ಹತ್ರ ಮಾತು ತಗೊಂಡೆ: ಎಷ್ಟೇ ಕೆಟ್ಟ ಸುದ್ದಿ ಇರಲಿ, ಅವತ್ತೇ ನನಗೆ ತಿಳೀಬೇಕು. ನೀನೂ ಊರಲ್ಲಿ ಅಂಥ ಒಬ್ಬರನ್ನ ಗೊತ್ತುಮಾಡಿಕೋ. ಅಮ್ಮನ್ನ ಅಲ್ಲ. ಹಾಗೇ ಒಂದು ಟಿಕೆಟ್ಟಿನ ದುಡ್ಡು ಬೇರೆ ಎತ್ತಿಡು, ಪಾಸ್‌ಪೋರ್ಟಿನ ಅವಧಿ ನೋಡಿಕೋ. ವರ್ಕ್ ಪರ್ಮಿಟ್ ಒಂದೇ ಇದ್ದರೆ ಕೆನಡಾ ಒಳಗೆ ವಾಪಸ್ ಬಿಡಲ್ಲ, ವೀಸಾನೂ ಚಾಲ್ತಿಯಲ್ಲಿರಬೇಕು. ಗೊತ್ತಿಲ್ಲದೆ ಊರಿಗೆ ಹೋಗಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡವರಿದ್ದಾರೆ.

ಆ ಹುಡುಗನಿಗೆ ನಾನು ದುಡ್ಡು ಕೊಡೋಕೆ ಹೋಗಿ ಪೆಚ್ಚಾದೆ. ತಗೊಳ್ಳಲಿಲ್ಲ, ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಈಗ ವಾರಕ್ಕೊಂದು ಸಲ ಸುಮ್ಮನೆ ಅವನಿಗೂ ಫೋನ್ ಮಾಡ್ತೀನಿ. ಮಗಳ ಲೆಕ್ಕದ ಪಾಠ ಹೇಳಿಕೊಡು ಅಂದ, ಅದನ್ನ ಮಾಡ್ತೀನಿ. ಉಪಕಾರ ಸ್ಮರಣೆ ಅಂತ ನಾವು ದೊಡ್ಡದಾಗಿ ಹೇಳ್ತೀವಲ್ಲ, ನನ್ನ ಪಾಲಿಗೆ ಅದು ಏಳನೇ ಕ್ಲಾಸಿನ ಭಿನ್ನರಾಶಿ.

ಪುಣ್ಯವಂತ ಅಂದ್ಯಲ್ಲ, ಅದಕ್ಕೆ ನಮ್ಮ ಅಜ್ಜಿ ನೆನಪಾದಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವಳ ತವರು ಮುಳುಗಿತು. ಮನೆ, ಗದ್ದೆ, ದೇವರ ಬನ, ಎಲ್ಲ. ಅಣ್ಣತಮ್ಮಂದಿರು ಲಾರಿ ಹತ್ತಿ ದಿಕ್ಕಿಗೊಬ್ಬರಾದರು. ಬೇಸಿಗೆಯಲ್ಲಿ ನೀರು ಇಳಿದು ಹಿರೇಭಾಸ್ಕರದ ಹಳೇ ಅಣೆಕಟ್ಟು ತಲೆ ಎತ್ತಿದೆ, ನೋಡೋಕೆ ಹೋಗೋಣ ಅಂತ ಜನ ಹೊರಟರೆ ಅಜ್ಜಿ ಬರ್ತಿರಲಿಲ್ಲ. "ನನ್ನ ತವರಿಗೆ ಹೋಗೋಕೆ ಮೀನಾಗಿ ಹುಟ್ಟಬೇಕು" ಅಂತಿದ್ದಳು, ನಗ್ತಾನೇ. ನಾನು ಕೆನಡಾಕ್ಕೆ ಹೊರಟಾಗ ಎಲ್ಲರೂ ಅತ್ತರು, ಅವಳೊಬ್ಬಳು ಅಳಲಿಲ್ಲ. "ದಾರಿ ಇದೆಯಲ್ಲ, ಬರ್ತಾನೆ" ಅಂದಳಂತೆ. ನನಗಿದು ತಿಳಿದಿದ್ದು ಅವಳು ಹೋದಮೇಲೆ.

ಹೋದ ವರ್ಷ, 2025ರ ಜುಲೈನಲ್ಲಿ, ನಮ್ಮ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ಶುರುವಾಯ್ತು. ಗಂಟೆ ಎಷ್ಟು ಅನ್ನೋದೂ ಮರೆತು ಅಮ್ಮ ಇಲ್ಲಿ ನಡುರಾತ್ರಿಗೆ ಫೋನ್ ಮಾಡಿದರು, ಜೀಪಿನ ಕಿಟಕಿಯಿಂದ. ಮಾತು ಕೇಳಲೇ ಇಲ್ಲ, ಬರೀ ಗಾಳಿ. ಪರದೆ ತುಂಬ ನೀರು. ಅರ್ಧ ನಿದ್ದೆಯಲ್ಲಿ ಕೂತು ಪೂರ್ತಿ ನೋಡಿದೆ.

ನಿಮ್ಮ ಮನೇಲೂ ತೋಟ ಇದೆ ಅಂತ ಬರೆದಿದ್ದೀಯ. ಈಗ ಮೊದಲ ಔಷಧಿ ಹೊಡೆಯೋ ಹೊತ್ತು, ಅಪ್ಪನಿಗೆ ಕೊಡು ಅನ್ನು, ಕೇಳು. ಶನಿವಾರ ಬಿಡುವಾದ್ರೆ ಮನೆಗೆ ಬಾ, ಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಭರಣಿ ಇದೆ. ಎಂಟು ಇಪ್ಪತ್ತೆಂಟಾಯ್ತು, ಇಡ್ತೀನಿ.