ಮಾಸ್ತರ್ರನ್ನ ಕೇಳಿ: ಅರಬ್ಬಿ ಧಾತು ಮತ್ತು ಕಾಯಿಲೆ ಹೆಸರು

ಪ್ರಶ್ನೆ: ಮಾಸ್ತರ್ರೇ, ನರ್ಸಿಂಗ್ ಮುಗಿಸಿ ಮಸ್ಕತ್ತಿನ ಆಸ್ಪತ್ರೆಗೆ ಹೊರಟಿದ್ದೇನೆ. ಅರಬ್ಬಿ ಶಬ್ದ ಬಾಯಿಪಾಠ ಮಾಡಿ ಮಾಡಿ ತಲೆ ಕೆಟ್ಟೋಗಿದೆ. ಭಟ್ಕಳದ ಗೆಳತಿ ಮೂರಕ್ಷರದ ಧಾತು, ಅಂದ್ರೆ ಶಬ್ದದ ಬೇರು, ಹಿಡಿದ್ರೆ ಸಾಕು ಹೇಳ್ತಾಳೆ, ಹೌದಾ? (ಓದುಗಿ, ಹೊನ್ನಾವರ)

ಉತ್ತರ: ಹೌದು ತಂಗಿ, ಗೆಳತಿ ಸರಿಯಾಗೇ ಹೇಳಿದಾಳೆ. ಮ-ರ-ದ ತಗೋ, ಕೊನೇ ದ ಸ್ವಲ್ಪ ದಪ್ಪ ಉಚ್ಚಾರ, ಉರ್ದುವಿನಲ್ಲಿ ಅದೇ ಮರ್ಜ್ ಆಗ್ತದೆ. ಮರದ್ ಅಂದ್ರೆ ಕಾಯಿಲೆ, ಮರೀದ್ ಅಂದ್ರೆ ರೋಗಿ, ಮುಮರ್ರಿದಾ ಅಂದ್ರೆ ನರ್ಸು, ಅಂದ್ರೆ ನೀನೇ. ಹಾಗೇ ಶ-ಫ-ಯ ಧಾತುವಿಂದ ಶಿಫಾ, ಗುಣ ಆಗೋದು, ಅದರಿಂದ ಮುಸ್ತಶ್ಫಾ, ಗುಣ ಬೇಡಿ ಬರೋ ಜಾಗ, ನಿನ್ನ ಆಸ್ಪತ್ರೆ ಬೋರ್ಡಿನ ಮೇಲೇ ಇರ್ತದೆ ನೋಡು.

ಧಾತುವಿನ ಜೊತೆ ಅಚ್ಚೂ, ಅಂದ್ರೆ ಆ ಅಕ್ಷರಗಳಿಗೆ ಸ್ವರ ಕೂರೋ ರೀತಿಯೂ, ಗೊತ್ತಿರಬೇಕು. ಮೊದಲ ಅಕ್ಷರಕ್ಕೆ ಉ, ಎರಡನೇದಕ್ಕೆ ದೀರ್ಘ ಆ ಬಂದ್ರೆ ಬಹಳ ಸಲ ಅದು ಕಾಯಿಲೆ ಹೆಸರು: ಸುಆಲ್ ಕೆಮ್ಮು, ಝುಕಾಮ್ ನೆಗಡಿ, ದುವಾರ್ ತಲೆಸುತ್ತು (ದ-ವ-ರ ಅಂದ್ರೆ ಸುತ್ತೋದು), ಸುದಾಅ್ ತಲೆನೋವು, ಇದರ ಧಾತುವಿಗೆ ಸೀಳೋದು ಅಂತ ಅರ್ಥ, ಅರೆತಲೆನೋವು ಬಂದವರಿಗೆ ವಿವರಿಸೋದೇ ಬೇಡ. ಆದ್ರೆ ಕಣ್ಣುಮುಚ್ಚಿ ನಂಬಬೇಡ, ಗುಲಾಮ್ ಕೂಡ ಇದೇ ಅಚ್ಚು, ಅರಬ್ಬಿಯಲ್ಲಿ ಅದು ಹುಡುಗ, ಆಳು.

ಭೇದಿಗೆ ಇಸ್‌ಹಾಲ್, ಧಾತು ಸ-ಹ-ಲ, ಅಂದ್ರೆ ಸುಲಭ ಆಗೋದು. ಮಲಬದ್ಧತೆಗೆ ಇಮ್ಸಾಕ್, ಮ-ಸ-ಕ, ಹಿಡಿದಿಡೋದು. ದಾ ಅಂದ್ರೆ ಕಾಯಿಲೆ, ದವಾ ಅಂದ್ರೆ ಮದ್ದು, ಇವೆರಡು ಅದಲುಬದಲಾಗದ ಹಾಗೆ ನಮ್ಮ ದವಾಖಾನೆ ನೆನಪಿಟ್ಕೋ.

ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳ್ತೇನೆ. ನಮ್ಮ ಕಡೆ ಕೈಕಾಲು ಬಿದ್ದೋದ್ರೂ ಲಕ್ವಾ ಹೊಡೀತು ಅಂತಾರೆ, ಅರಬ್ಬಿಯ ಲಕ್ವಾ ಮುಖಕ್ಕಷ್ಟೇ, ಮುಖದ ಒಂದು ಬದಿ ಬಿದ್ದೋಗಿ ಬಾಯಿ ಇನ್ನೊಂದು ಬದಿಗೆ ಸೊಟ್ಟಾಗಿ, ಬಿದ್ದ ಬದಿಯ ಕಣ್ಣು ಮುಚ್ಚಲಿಕ್ಕೆ ಬರದೇ ಇರೋದು. ಅರ್ಧ ಮೈ ಬಿದ್ದೋದ್ರೆ ಅದು ಫಾಲಿಜ್, ಫ-ಲ-ಜ ಅಂದ್ರೆ ಎರಡು ಪಾಲು ಮಾಡೋದು. ಮನೆಯವರು ಗಾಬರಿಯಲ್ಲಿ ಜಲ್ತಾ ಅಂತ ಕೂಗಿದ್ರೆ ರಕ್ತ ಹೆಪ್ಪುಗಟ್ಟಿದೆ ಅಂತ, ಆದ್ರೆ ಹೃದಯಕ್ಕೂ ಮೆದುಳಿಗೂ ಅದೇ ಮಾತು, ಹಾಗಾಗಿ "ವೇನ್?", ಎಲ್ಲಿ ಅಂತ ತಕ್ಷಣ ಕೇಳು.

ಪ್ರಶ್ನೆ: ಮನೆಯಲ್ಲಿ ತಬಿಯತ್ ಹೇಗಿದೆ ಅಂತೇವೆ, ಡಾಕ್ಟರಿಗೆ ತಬೀಬ್ ಅಂತಾರೆ. ಎರಡೂ ಒಂದೇ ಧಾತುವಾ? (ಓದುಗ, ಭಟ್ಕಳ)

ಉತ್ತರ: ಅಲ್ಲ ಸಾಹೇಬ್ರೇ. ತಬೀಬ್ ತ-ಬ-ಬ ಧಾತು, ವೈದ್ಯಕ್ಕೆ ಸೇರಿದ್ದು, ಯುನಾನಿಯವರ ತಿಬ್ ಇದೇ. ತಬಿಯತ್ ತ-ಬ-ಅ, ಅಚ್ಚೊತ್ತೋದು, ಹುಟ್ಟಿನಿಂದ ಒತ್ತಿದ ಸ್ವಭಾವ ಅನ್ನೋ ಅರ್ಥದಿಂದ ಮೈಯ ಸ್ಥಿತಿಗೆ ಬಂತು. ಅರಬ್ಬಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿಗೆ ಮತ್ಬಆ ಅಂತಾರೆ, ಅದೂ ಇದೇ ಧಾತು.