ಕೊರೆಯುವ ಚಳಿಯಲ್ಲಿ ಮೈತುಂಬ ಬಟ್ಟೆ ತೊಟ್ಟೂ ಅಂದವಾಗಿ ಕಾಣುವುದು ಹೇಗೆ?

ದಪ್ಪನೆಯ ಒಂದೇ ಉಡುಪಿನ ಬದಲು ತೆಳುವಾದ ಎರಡು ಮೂರು ಪದರಗಳನ್ನು ತೊಟ್ಟು, ಮೇಲಿನ ಕೋಟನ್ನು ಮಾತ್ರ ಮೊಣಕಾಲು ದಾಟುವಷ್ಟು ಉದ್ದವಾಗಿ, ಭುಜಕ್ಕೆ ಸರಿಯಾಗಿ ಕೂರುವಂತೆ ಆರಿಸಿಕೊಂಡರೆ ಮೈ ಬೆಚ್ಚಗಿರುತ್ತದೆ, ಉಬ್ಬಿದಂತೆಯೂ ಕಾಣುವುದಿಲ್ಲ.

ಬಟ್ಟೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಎಳೆಗಳ ಮತ್ತು ಪದರಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯೇ ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ಒಂದರ ಮೇಲೊಂದು ಬಿಗಿಯಾಗಿ ತೊಟ್ಟರೆ ಆ ಗಾಳಿಗೆ ಜಾಗವೇ ಉಳಿಯದು. ಹಾಗಾಗಿ ತುಸು ಸಡಿಲವಾದ ಉಡುಪೇ ಮೇಲು. ಮೈಯ ಆಕಾರ ಎದ್ದುಕಾಣಬಾರದು ಎನ್ನುವವರಿಗೆ ಚಳಿಗಾಲ ಈ ಮಟ್ಟಿಗೆ ಅನುಕೂಲವೇ ಸರಿ.

ಹೆಚ್ಚಿನವರು ಎಡವುವುದು ಒಳಪದರದಲ್ಲಿ. ಹತ್ತಿ ಬಟ್ಟೆ ಬೆವರನ್ನು ಹೀರಿಕೊಂಡು ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ, ಮತ್ತು ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ, ನಡೆದು ಬಂದು ನಿಂತೊಡನೆ ಬೆನ್ನು ತಣ್ಣಗಾಗುತ್ತದೆ. ಮೆರಿನೊ ಎಂಬ ತಳಿಯ ಕುರಿಗಳ ನವಿರಾದ ಉಣ್ಣೆಯಾದರೋ ಸಾಕಷ್ಟು ತೇವವನ್ನು ಎಳೆಗಳೊಳಗೇ ಹಿಡಿದಿಟ್ಟುಕೊಂಡು ಮೈಗೆ ಒದ್ದೆಯೆನಿಸದಂತೆ ನೋಡಿಕೊಳ್ಳುತ್ತದೆ.

ಉದ್ದ ಲಂಗ ತೊಡುವವರು ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿಕೊಳ್ಳಬಹುದು. ಆದರೆ ಒಣಹವೆಯಲ್ಲಿ ಎರಡೂ ಉಜ್ಜಿ ಸ್ಥಾಯೀ ವಿದ್ಯುತ್ತು ಉಂಟಾಗಿ ಲಂಗ ಕಾಲಿಗೆ ಅಂಟುತ್ತದೆ, ನಡೆದಂತೆಲ್ಲ ಮೇಲೇರುತ್ತದೆ. ನಡುವೆ ನುಣುಪಾದ ಒಳಲಂಗವೊಂದಿದ್ದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ. ಬಣ್ಣದ ವಿಷಯದಲ್ಲಿ, ಪದರಗಳೆಲ್ಲ ಒಂದೇ ಬಣ್ಣದ ಗಾಢ, ತಿಳಿ ಛಾಯೆಗಳಲ್ಲಿದ್ದು ಸ್ಕಾರ್ಫ್ ಮಾತ್ರ ಬೇರೆಯಾಗಿದ್ದರೆ ಸಾಕು.